ಪೋಕರ್‌ಗೆ ಲ್ಯಾಪ್‌ಟಾಪ್ ರೆಡಿ ಮಾಡಿಸುವ ಮುಂಚೆ ಒಂದು ಲೆಕ್ಕ

"ಗ್ರಾಫಿಕ್ಸ್ ಕಾರ್ಡ್ ಹಾಕಿಸಿದರೆ ಲ್ಯಾಪ್‌ಟಾಪ್ ಫಾಸ್ಟ್ ಆಗುತ್ತದಾ?" ಬೇಗೂರಿನಲ್ಲಿ ನಮ್ಮನ್ನು ಹೆಚ್ಚು ಜನ ಕೇಳಿರುವ ಪ್ರಶ್ನೆ ಇದೇ ಇರಬೇಕು. ಪತ್ರಿಕೋದ್ಯಮ ಓದಿದವರಿಗೆ ಕಂಪ್ಯೂಟರ್ ರಿಪೇರಿಯೂ ಬರುತ್ತದೆ ಅನ್ನುವುದು ಊರಿನವರ ನಂಬಿಕೆ. ವಿಡಿಯೊ ಎಡಿಟ್ ಮಾಡಲು ಹಳೇ ಲ್ಯಾಪ್‌ಟಾಪ್‌ಗಳನ್ನು ಬಿಚ್ಚಿ ಜೋಡಿಸಿ ನಮಗೂ ಅಷ್ಟಿಷ್ಟು ತಿಳಿದಿದೆ. 2023, 2024ರಲ್ಲಿ ಹೀಗೆ ಕೇಳಿಕೊಂಡು ಬಂದ ಹುಡುಗರಲ್ಲಿ ಕೆಲವರಿಗೆ ಲ್ಯಾಪ್‌ಟಾಪ್ ಬೇಕಿದ್ದದ್ದು ಓದಿಗಲ್ಲ, ಆನ್‌ಲೈನ್ ಪೋಕರ್‌ಗೆ. ಅದೂ ಒಂದು ಟೇಬಲ್ ಅಲ್ಲ, ಒಂದೇ ಸಲಕ್ಕೆ ನಾಲ್ಕು, ಆರು ಟೇಬಲ್.

ಈಗ ದುಡ್ಡಿಟ್ಟು ಆಡಿಸುವ ಆನ್‌ಲೈನ್ ಪೋಕರ್‌ಗೆ ಕಾನೂನಿನ ನಿಷೇಧ ಇದೆ. ಅದರ ವಿಷಯ ಮುಂದೆ ಹೇಳುತ್ತೇವೆ. ಆದರೂ ಆ ಲ್ಯಾಪ್‌ಟಾಪಿನ ಕತೆ ಬರೆಯಬೇಕು ಅನ್ನಿಸಿದ್ದಕ್ಕೆ ಕಾರಣ ಇದೆ. ಎಡಿಟಿಂಗ್, ಕೋಚಿಂಗ್, ಡಾಟಾ ಎಂಟ್ರಿ ಅಂತ ಕೆಲಸದ ಹೆಸರು ಬದಲಾಗಿದೆಯೇ ಹೊರತು ಪ್ರಶ್ನೆ ಅದೇ ಉಳಿದಿದೆ. ದುಡ್ಡು ಸುರಿಯುವ ಮುಂಚೆ ಮೆಷಿನ್ ಎಲ್ಲಿ ತಡೆಯುತ್ತಿದೆ ಎಂದು ನೋಡುವವರು ಈಗಲೂ ಕಡಿಮೆ.

ಪೋಕರ್ ಗೊತ್ತಿಲ್ಲದವರಿಗೆ ಒಂದೆರಡು ಮಾತು. ನಮ್ಮ ಕಡೆ ಹಬ್ಬದಲ್ಲಿ ಆಡುವ ಅಂದರ್ ಬಾಹರ್ ಥರದ್ದಲ್ಲ ಇದು. ಪ್ರತಿ ಆಟಗಾರನಿಗೂ 2 ಎಲೆ ಕೈಗೆ, ಎಲ್ಲರಿಗೂ ಸೇರಿ 5 ಎಲೆ ಮೇಜಿನ ಮೇಲೆ. ಈ ಏಳರಲ್ಲಿ ಚೆನ್ನಾಗಿರುವ ಐದು ಎಲೆ ಯಾರದ್ದೋ ಅವರು ಗೆದ್ದ ಹಾಗೆ. ನಡುವೆ ನಾಲ್ಕು ಸುತ್ತು ದುಡ್ಡು ಕಟ್ಟುವುದಿರುತ್ತದೆ. ಕೈ ಬಿಡಬೇಕಾ, ಮುಂದುವರಿಯಬೇಕಾ, ಏರಿಸಬೇಕಾ ಎಂದು ಪ್ರತಿ ಸುತ್ತಿನಲ್ಲೂ ತೀರ್ಮಾನ ಮಾಡಬೇಕು. ಎದುರು ಬದುರು ಕೂತು ಆಡಿದರೆ ಗಂಟೆಗೆ 25–30 ಆಟ ನಡೆಯುತ್ತದೆ. ಆರು ಜನರ ಆನ್‌ಲೈನ್ ಟೇಬಲ್‌ನಲ್ಲಿ ಗಂಟೆಗೆ ಸುಮಾರು 75. ನಾಲ್ಕು ಟೇಬಲ್ ತೆರೆದರೆ 300. ಒಂದೊಂದು ತೀರ್ಮಾನಕ್ಕೂ ಕೆಲವು ಸೆಕೆಂಡು ಮಾತ್ರ ಟೈಮು. ಅಷ್ಟರಲ್ಲಿ ಬಟನ್ ಒತ್ತದಿದ್ದರೆ ನಿಮ್ಮ ಕೈ ತಾನಾಗಿಯೇ ಬಿಟ್ಟುಹೋಗುತ್ತದೆ, ಅಲ್ಲಿಯವರೆಗೆ ಹಾಕಿದ ದುಡ್ಡೂ ಹೋಗುತ್ತದೆ. ಆದ್ದರಿಂದಲೇ ಲ್ಯಾಪ್‌ಟಾಪ್ ಒಂದು ಕ್ಷಣ ನಿಂತರೂ ಹುಡುಗರಿಗೆ ಎದೆ ಧಸಕ್ ಅನ್ನುತ್ತಿತ್ತು.

2024ರ ಬೇಸಿಗೆಯಲ್ಲಿ ಒಬ್ಬ ಹುಡುಗ ಬಂದ. ಮೈಸೂರಿನಲ್ಲಿ ಡಿಗ್ರಿ ಮುಗಿಸಿ ಊರಿಗೆ ವಾಪಸಾಗಿದ್ದ. ಜೊತೆಗೆ ಅವನ ಅಪ್ಪ. ಹುಡುಗನ ಕೈಯಲ್ಲಿ ಅಂಗಡಿಯವರು ಬರೆದುಕೊಟ್ಟ ಕೊಟೇಶನ್ ಇತ್ತು: ಗ್ರಾಫಿಕ್ಸ್ ಕಾರ್ಡ್ ಇರುವ ಹೊಸ ಗೇಮಿಂಗ್ ಲ್ಯಾಪ್‌ಟಾಪ್, ಕಂತಿನಲ್ಲಿ. ಮುಂಗಡ ಕಟ್ಟಬೇಕಿದ್ದದ್ದು ಅರಿಸಿನ ಮಾರಿದ ದುಡ್ಡಿನಿಂದ. ಅರಿಸಿನ ಅಂದರೆ ಎಂಟೊಂಬತ್ತು ತಿಂಗಳ ಬೆಳೆ. ಕಿತ್ತು, ಬೇಯಿಸಿ, ಒಣಗಿಸಿ, ಪಾಲಿಶ್ ಮಾಡಿಸಿ ಮಾರಿದ ಮೇಲೆ ಬರುವ ದುಡ್ಡು ಅದು. ಆ ಮನೆಯಲ್ಲಿ ಅದರಲ್ಲೊಂದು ಪಾಲನ್ನು ಹಳೇ ಡ್ರಿಪ್ ಪೈಪು ಬದಲಿಸಲು ಎತ್ತಿಟ್ಟಿದ್ದರು.

"ಏನ್ರಪ್ಪ, ಈ ಡಬ್ಬಕ್ಕ ಇಷ್ಟೊಂದು ಸುರೀಬೇಕಾ? ನೀವೇ ಒಸಿ ನೋಡಿ ಹೇಳಿ," ಅಂದರು ಅಪ್ಪ. ಹುಡುಗನ ಮಾತು ಬೇರೆ: "ಅಣ್ಣ, ನಾಲ್ಕು ಟೇಬಲ್ ಹಾಕುದ್ರ ನಿಂತೋಯ್ತದ. ಆಟ ನಂಗ್ ಬತ್ತದ ಕಣಣ್ಣ, ಲ್ಯಾಪ್‌ಟಾಪ್ದೇ ಪ್ರಾಬ್ಲಮ್ಮು."

ಇವನು ಆಡಬೇಕಾ ಬೇಡವಾ ಎಂದು ಹೇಳಲು ನಾವು ಯಾರು? ಅವನ ಮನೆಯವರಿಗೆ ಆಟದ ವಿಷಯ ಗೊತ್ತಿತ್ತು. ಆಗ ಅದು ಕರ್ನಾಟಕದಲ್ಲಿ ಕಾನೂನುಬಾಹಿರವೂ ಆಗಿರಲಿಲ್ಲ. ನಮ್ಮ ಪಾಲಿಗೆ ಬಂದಿದ್ದು ಮೆಷಿನ್ ನೋಡುವುದು. ಆದರೆ ಮೆಷಿನ್ ಲೆಕ್ಕ ಹಾಕುತ್ತ ಹಾಕುತ್ತ ಆಟದ ಲೆಕ್ಕವೂ ಹೊರಗೆ ಬಂತು.

ಮೊದಲು ಮೆಷಿನ್ ವಿಷಯ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಲಿ ಒಟ್ಟಿಗೆ ಒತ್ತಿದರೆ ವಿಂಡೋಸ್‌ನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್ ಪುಟಕ್ಕೆ ಹೋಗಿ, ಯಾವ ಕೆಲಸ ಮಾಡುವಾಗ ಲ್ಯಾಪ್‌ಟಾಪ್ ನಿಲ್ಲುತ್ತದೋ ಅದೇ ಕೆಲಸ ಮಾಡುತ್ತ ನೋಡಬೇಕು. ಡಾಕ್ಟರು ಜ್ವರ ನೋಡಿದ ಹಾಗೆ ಇದು, ದುಡ್ಡು ಖರ್ಚಿಲ್ಲ. ಹುಡುಗನದ್ದು ಎಂಟನೇ ತಲೆಮಾರಿನ ಐ5 ಪ್ರೊಸೆಸರ್, 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್‌ಡಿಸ್ಕ್. ನಾಲ್ಕು ಟೇಬಲ್ ತೆರೆದಾಗ ಮೆಮೊರಿ ತುಂಬಿ ತುಳುಕುತ್ತಿತ್ತು, ಡಿಸ್ಕ್ ಶೇ 100ಕ್ಕೆ ಹೋಗಿ ಅಲ್ಲೇ ನಿಂತಿತ್ತು. ಪ್ರೊಸೆಸರ್ ಅರ್ಧವೂ ದುಡಿಯುತ್ತಿರಲಿಲ್ಲ. ಗ್ರಾಫಿಕ್ಸ್ ಅಂತೂ ಆರಾಮಾಗಿ ಕೂತಿತ್ತು.

ಇದರ ಅರ್ಥ ಸುಲಭ. ಪೋಕರ್ ಟೇಬಲ್ ಅಂದರೆ ಒಂದು ಚಿತ್ರ, ಅದರ ಮೇಲೆ ಓಡಾಡುವ ಕೆಲವು ಎಲೆ, ಕೆಲವು ಅಂಕಿ. ಕಾರ್ ರೇಸ್, ಗನ್ ಫೈಟ್ ಆಟಗಳ ಹಾಗೆ ಅದಕ್ಕೆ ಗ್ರಾಫಿಕ್ಸ್ ಕಾರ್ಡ್ ಬೇಕಾಗುವುದಿಲ್ಲ. ನೀರು ಕಡಿಮೆ ಇರುವ ಬೋರ್‌ವೆಲ್‌ಗೆ ದೊಡ್ಡ ಮೋಟರ್ ಇಳಿಸಿದರೆ ನೀರು ಹೆಚ್ಚು ಬರುತ್ತದೆಯೇ? ಇನ್ನೊಂದು ವಿಷಯ, ಬಹುಪಾಲು ಲ್ಯಾಪ್‌ಟಾಪ್‌ಗಳಲ್ಲಿ ಗ್ರಾಫಿಕ್ಸ್ ಚಿಪ್ಪು, ಪ್ರೊಸೆಸರ್ ಎರಡನ್ನೂ ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. "ಗ್ರಾಫಿಕ್ಸ್ ಕಾರ್ಡ್ ಹಾಕಿಸೋದು" ಅಂದರೆ ಬೇರೆ ಲ್ಯಾಪ್‌ಟಾಪ್ ಕೊಳ್ಳುವುದು ಅಂತಲೇ. ಲ್ಯಾಪ್‌ಟಾಪ್ ಒಳಗೆ ಸಾಮಾನ್ಯವಾಗಿ ಬದಲಿಸಲು ಆಗುವುದು ರ‍್ಯಾಮ್, ಡಿಸ್ಕ್, ಬ್ಯಾಟರಿ, ವೈಫೈ ಕಾರ್ಡ್, ಇಷ್ಟೇ.

ರ‍್ಯಾಮ್ ಅಂದರೆ ಕೆಲಸ ಹರಡಿಕೊಳ್ಳುವ ಕಣ. ಕಣ ಚಿಕ್ಕದಾದರೆ ರಾಶಿಯನ್ನು ಪದೇ ಪದೇ ಗೋದಾಮಿಗೆ ಹೊತ್ತು ಹಾಕಿ, ಮತ್ತೆ ಹೊತ್ತು ತರಬೇಕು. ಆ ಗೋದಾಮೇ ಹಾರ್ಡ್‌ಡಿಸ್ಕ್. 4 ಜಿಬಿಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ವಿಂಡೋಸೇ ತಿನ್ನುತ್ತದೆ. ನಾಲ್ಕು ಟೇಬಲ್ಲು, ಒಂದು ಬ್ರೌಸರ್ ಇದ್ದರೆ 8 ಜಿಬಿ ಸಾಕು. ವಿಡಿಯೊ ಎಡಿಟಿಂಗೂ ಮಾಡುವವರಿಗೆ 16 ಒಳ್ಳೆಯದು. ಕೊಳ್ಳುವ ಮುಂಚೆ ಎರಡು ಸಂಗತಿ ನೋಡಿಕೊಳ್ಳಿ. ಡಿಡಿಆರ್3, ಡಿಡಿಆರ್4, ಡಿಡಿಆರ್5 ಮೂರೂ ಬೇರೆ ಬೇರೆ, ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಜೊತೆಗೆ, ಎಷ್ಟು ಸ್ಲಾಟ್ ಇದೆ, ಎಷ್ಟು ತುಂಬಿದೆ ಎಂದು ಟಾಸ್ಕ್ ಮ್ಯಾನೇಜರ್ ಮೆಮೊರಿ ಪುಟದಲ್ಲೇ ಬರೆದಿರುತ್ತದೆ. ತೆಳ್ಳನೆಯ ಲ್ಯಾಪ್‌ಟಾಪ್‌ಗಳಲ್ಲಿ ಕೆಲವಕ್ಕೆ ರ‍್ಯಾಮ್ ಕೂಡ ಬೆಸುಗೆ ಆಗಿರುತ್ತದೆ, ಅಲ್ಲಿ ಏನೂ ಮಾಡಲಾಗದು.

ಹಾರ್ಡ್‌ಡಿಸ್ಕ್ ಒಳಗೆ ತಟ್ಟೆ ತಿರುಗುತ್ತದೆ, ಸೂಜಿಯಂಥ ಕೈ ಅದರ ಮೇಲೆ ಅತ್ತಿತ್ತ ಸರಿದು ಓದುತ್ತದೆ. ಒಂದೇ ದೊಡ್ಡ ಫೈಲಾದರೆ ಸೆಕೆಂಡಿಗೆ 100 ಎಂಬಿ ಆಸುಪಾಸು ಓದಬಹುದು. ಚೂರು ಚೂರು ಫೈಲಾದರೆ ಓಡಾಟದಲ್ಲೇ ಹೊತ್ತು ಹೋಗುತ್ತದೆ. ಎಸ್‌ಎಸ್‌ಡಿಯಲ್ಲಿ ತಿರುಗುವುದು ಏನೂ ಇಲ್ಲ. ಸಾಮಾನ್ಯ ಸಾಟಾ ಎಸ್‌ಎಸ್‌ಡಿಯೇ ಸೆಕೆಂಡಿಗೆ 500 ಎಂಬಿ ದಾಟುತ್ತದೆ, ಚೂರು ಫೈಲುಗಳಲ್ಲಂತೂ ಹೋಲಿಕೆಯೇ ಇಲ್ಲ. ಪೋಕರ್ ಆಡುವವರು ಪೋಕರ್‌ಟ್ರ್ಯಾಕರ್ ಥರದ ತಂತ್ರಾಂಶ ಇಟ್ಟುಕೊಂಡಿರುತ್ತಾರೆ. ಪ್ರತಿ ಆಟವನ್ನೂ ಡಾಟಾಬೇಸ್‌ಗೆ ಬರೆದು, ಎದುರಾಳಿ ಎಷ್ಟು ಸಲ ಏರಿಸಿದ, ಎಷ್ಟು ಸಲ ಬಿಟ್ಟ ಎಂದು ಅದು ಟೇಬಲ್ ಮೇಲೇ ತೋರಿಸುತ್ತದೆ. ನಾಲ್ಕು ಟೇಬಲ್ಲಿನಿಂದ ಗಂಟೆಗೆ 300 ಆಟ ಬರೆಯುವುದು, ಮಧ್ಯೆ ಹಳೆಯದನ್ನು ಹುಡುಕುವುದು, ಇದೇ ಅವನ ಹಾರ್ಡ್‌ಡಿಸ್ಕಿಗೆ ಏದುಸಿರು ತಂದಿದ್ದು.

ಒಂದು 8 ಜಿಬಿ ರ‍್ಯಾಮ್, ಒಂದು ಎಸ್‌ಎಸ್‌ಡಿ ಹಾಕಿಸಿ, ಫ್ಯಾನಿನ ಧೂಳು ತೆಗೆಸಿದ್ದಾಯಿತು. ಹೆದ್ದಾರಿ ಧೂಳು, ಕಣದ ಧೂಳು ಎರಡೂ ಸೇರಿ ಫ್ಯಾನಿನ ಬಾಯಿ ಮುಚ್ಚಿದರೆ ಪ್ರೊಸೆಸರ್ ಬಿಸಿಯಾಗಿ, ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ. ಎಷ್ಟೋ ಲ್ಯಾಪ್‌ಟಾಪ್‌ಗಳಿಗೆ ಬೇಕಾದ ಅಪ್‌ಗ್ರೇಡ್ ಒಂದು ಬ್ರಷ್ಷು ಅಷ್ಟೇ. ಎಲ್ಲ ಸೇರಿ ಆದ ಖರ್ಚು ಆ ಕೊಟೇಶನ್ನಿನ ಹತ್ತನೇ ಒಂದು ಭಾಗವೂ ಇರಲಿಲ್ಲ. ಆಗಿನ ರೇಟು ಇಲ್ಲಿ ಬರೆದು ಪ್ರಯೋಜನವಿಲ್ಲ. 2025ರ ಕೊನೆಯಿಂದ ಎಐ ಡಾಟಾ ಸೆಂಟರ್‌ಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಳ್ಳುತ್ತಿರುವುದರಿಂದ ರ‍್ಯಾಮ್ ಬೆಲೆ ಏರಿದೆ. ಎರಡು ಮೂರು ಕಡೆ ವಿಚಾರಿಸಿಯೇ ಕೊಳ್ಳಿ.

ಆಮೇಲೆ ಬಂದದ್ದು ಪರದೆಯ ಪ್ರಶ್ನೆ. ಅವನ ಲ್ಯಾಪ್‌ಟಾಪ್ ಪರದೆ ಅಡ್ಡಕ್ಕೆ 1366 ಚುಕ್ಕಿ, ಉದ್ದಕ್ಕೆ 768. ನಾಲ್ಕು ಟೇಬಲ್ ಜೋಡಿಸಿದರೆ ಒಂದೊಂದಕ್ಕೆ 683×384 ಸಿಗುತ್ತದೆ. ಅಂಕಿ ಓದಲು ಕಣ್ಣು ಕಿರಿದು ಮಾಡಬೇಕು. 1920×1080ರ ಫುಲ್ ಎಚ್‌ಡಿ ಮಾನಿಟರ್ ಆದರೆ ಒಂದೊಂದಕ್ಕೆ 960×540, ಅಂದರೆ ಹೆಚ್ಚು ಕಡಿಮೆ ಎರಡು ಪಟ್ಟು ಜಾಗ. "ಮನೇಲಿ 32 ಇಂಚು ಟಿವಿ ಅದಲ್ಲ, ಅದ್ಕೇ ಕೊಟ್ರ?" ಅಂತ ಅವನು ಕೇಳಿದ. ಟಿವಿ ಹಿಂದಿನ ಚೀಟಿ ನೋಡಿದರೆ ಎಚ್‌ಡಿ ರೆಡಿ, ಅದೂ 1366×768ರದ್ದೇ. ಟಿವಿಯಲ್ಲಿ ಟೇಬಲ್ ದೊಡ್ಡದಾಗಿ ಕಾಣುತ್ತದೆ, ಆದರೆ ಚುಕ್ಕಿಗಳು ಅಷ್ಟೇ ಇರುವುದರಿಂದ ಅಕ್ಷರ ಸ್ಪಷ್ಟವಾಗುವುದಿಲ್ಲ. ಇಂಚು ಬೇರೆ, ಚುಕ್ಕಿ ಬೇರೆ. ಇದನ್ನು ವಿಡಿಯೊ ಎಡಿಟ್ ಮಾಡುವವರೂ, ಎಕ್ಸೆಲ್ ಹಾಳೆ ತುಂಬುವವರೂ ನೆನಪಿಡಬೇಕು.

ನೆಟ್ ವಿಷಯದಲ್ಲೂ ಹೀಗೇ. 100 ಎಂಬಿಪಿಎಸ್ ಪ್ಲಾನ್ ಬೇಕು ಅಂದುಕೊಂಡಿದ್ದ. ಪೋಕರ್ ಟೇಬಲ್‌ಗೆ ಸಿನಿಮಾ ನೋಡಿದಷ್ಟು ಡಾಟಾ ಹರಿಯುವುದಿಲ್ಲ. ಅದಕ್ಕೆ ಬೇಕಾದ್ದು ಕಡಿಯದ ಲೈನು. ಸಂಜೆ ಎಲ್ಲರೂ ಮೊಬೈಲ್ ಹಿಡಿದು ಕೂತಾಗ ಟವರ್ ಮೇಲೆ ಒತ್ತಡ ಬೀಳುತ್ತದೆ, ಹಾಟ್‌ಸ್ಪಾಟ್ ಆಗ ತಡವರಿಸುತ್ತದೆ. ಫೈಬರ್ ಇದ್ದರೆ ಒಳ್ಳೆಯದು, ರೂಟರಿನಿಂದ ಲ್ಯಾಪ್‌ಟಾಪಿಗೆ ವೈರ್ ಎಳೆದರೆ ಇನ್ನೂ ಒಳ್ಳೆಯದು. ಕರೆಂಟು ಹೋದರೆ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಬದುಕಿರುತ್ತದೆ, ರೂಟರ್ ಸಾಯುತ್ತದೆ. ರೂಟರಿಗೆ ಹಾಕುವ ಅಂಗೈಯಗಲದ ಸಣ್ಣ ಯುಪಿಎಸ್ ಸಿಗುತ್ತದೆ. ನಮ್ಮ ಊರುಗಳಿಗೆ ಗ್ರಾಫಿಕ್ಸ್ ಕಾರ್ಡಿಗಿಂತ ಇದು ಹೆಚ್ಚು ಉಪಯೋಗ.

ಇಷ್ಟೆಲ್ಲ ಆದ ಮೇಲೆ ನಾಲ್ಕು ಟೇಬಲ್ ನಿಲ್ಲದೆ ಓಡಿದವು. ರಾತ್ರಿ 9ಕ್ಕೆ ಬಂಡೀಪುರದ ಗೇಟು ಮುಚ್ಚಿ ಹೆದ್ದಾರಿ ಸದ್ದು ತಗ್ಗುವ ಹೊತ್ತಿಗೆ ಅವನು ಕೂರುತ್ತಿದ್ದ. ಆಡಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಡುವ ಅಭ್ಯಾಸ ಅವನಿಗಿತ್ತು. ಮೂರು ತಿಂಗಳಾದ ಮೇಲೆ ಆ ನೋಟ್‌ಬುಕ್ ತಂದ. ಕೆಲವು ದಿನ ಗೆದ್ದಿದ್ದ, ಕೆಲವು ದಿನ ಸೋತಿದ್ದ. ಆಟದಲ್ಲಿ ಅವನೇನೂ ದಡ್ಡನಲ್ಲ. ಆದರೂ ಒಟ್ಟು ದುಡ್ಡು ಕರಗುತ್ತ ಬಂದಿತ್ತು. ಎಲ್ಲಿ ಹೋಯಿತು?

ಪೋಕರ್‌ನಲ್ಲಿ ಕಂಪನಿ ಯಾರ ವಿರುದ್ಧವೂ ಆಡುವುದಿಲ್ಲ. ಮಧ್ಯೆ ಸೇರಿದ ದುಡ್ಡಿನಲ್ಲಿ ಕಮಿಷನ್ ಹಿಡಿಯುತ್ತದೆ, ಸಾಮಾನ್ಯವಾಗಿ ಶೇ 5ರ ಆಸುಪಾಸು. ಅದಕ್ಕೆ ರೇಕ್ ಅನ್ನುತ್ತಾರೆ. ಅವನ ಎದುರು ನಾವು ಹಾಕಿದ ಅಂದಾಜು ಲೆಕ್ಕ ಹೀಗಿದೆ. ಒಂದು ಆಟಕ್ಕೆ ಸರಾಸರಿ 100 ರೂಪಾಯಿ ಸೇರುತ್ತದೆ ಅಂದುಕೊಳ್ಳಿ. ಕಮಿಷನ್ 5 ರೂಪಾಯಿ. ಗಂಟೆಗೆ 75 ಆಟದಲ್ಲಿ 50ಕ್ಕೆ ಮಾತ್ರ ಕಮಿಷನ್ ಬಿತ್ತು ಅನ್ನೋಣ. ಒಂದು ಟೇಬಲ್‌ಗೆ 250 ರೂಪಾಯಿ. ಆರು ಜನಕ್ಕೆ ಹಂಚಿದರೆ ತಲೆಗೆ ಸುಮಾರು 42. ನಾಲ್ಕು ಟೇಬಲ್‌ಗೆ ಗಂಟೆಗೆ 167 ರೂಪಾಯಿ ಹತ್ತಿರ. ದಿನಕ್ಕೆ 3 ಗಂಟೆ, ತಿಂಗಳಿಗೆ 25 ದಿನ ಆಡಿದರೆ 12,500 ರೂಪಾಯಿ. ಗೆದ್ದರೂ ಸೋತರೂ ಇದು ಹೋಗುತ್ತಲೇ ಇರುತ್ತದೆ. ಅಂದರೆ ಎಲ್ಲರ ಸಮಕ್ಕೆ ಆಡುವವನು ತಿಂಗಳಿಗೆ 12,500 ಸೋಲುತ್ತಾನೆ. ಕಮಿಷನ್ ದಾಟುವಷ್ಟು ಉಳಿದವರಿಗಿಂತ ಚೆನ್ನಾಗಿ ಆಡಿದವನಿಗೆ ಮಾತ್ರ ಲಾಭ.

ಅದರ ಮೇಲೆ ತೆರಿಗೆ. 2023ರ ಅಕ್ಟೋಬರ್ 1ರಿಂದ ದುಡ್ಡಿನ ಆನ್‌ಲೈನ್ ಆಟಗಳಲ್ಲಿ ಆಟಗಾರ ಕಟ್ಟುವ ಪೂರ್ತಿ ಹಣದ ಮೇಲೆ ಶೇ 28 ಜಿಎಸ್‌ಟಿ ಬಂತು. ತೆರಿಗೆ ಸೇರಿಸಿ 1000 ರೂಪಾಯಿ ಹಾಕಿದರೆ ಅದರಲ್ಲಿ 218 ರೂಪಾಯಿ 75 ಪೈಸೆ ತೆರಿಗೆ. ಕೆಲವು ದಿನ ಕಂಪನಿಗಳು ಬೋನಸ್ ಹೆಸರಲ್ಲಿ ಇದನ್ನು ತುಂಬಿಕೊಟ್ಟಿದ್ದೂ ಉಂಟು. ನಿವ್ವಳ ಗೆಲುವಿನ ಮೇಲೆ ಶೇ 30 ಆದಾಯ ತೆರಿಗೆ ಹಿಡಿಯುವುದು ಬೇರೆ.

ಇಲ್ಲಿ ನಮಗೆ ಹೊಳೆದದ್ದು ಇಷ್ಟು. ಲ್ಯಾಪ್‌ಟಾಪ್ ವೇಗವಾದಷ್ಟೂ ಹೆಚ್ಚು ಟೇಬಲ್, ಹೆಚ್ಚು ಟೇಬಲ್ ಆದಷ್ಟೂ ಹೆಚ್ಚು ಕಮಿಷನ್. ಒಂದೊಂದು ತೀರ್ಮಾನಕ್ಕೆ ಸಿಗುವ ಯೋಚನೆಯ ಹೊತ್ತು ಮಾತ್ರ ಕಡಿಮೆ. ರ‍್ಯಾಮ್, ಎಸ್‌ಎಸ್‌ಡಿ ಸೇರಿ ಅವನಿಗೆ ಕೊಟ್ಟದ್ದು ಬಟನ್ ಒತ್ತುವುದು ತಪ್ಪದ ಹಾಗೆ ಆಡುವ ಅನುಕೂಲ. ಗೆಲುವು ಯಾವ ಅಂಗಡಿಯಲ್ಲೂ ಬಿಡಿಭಾಗವಾಗಿ ಸಿಗುವುದಿಲ್ಲ. ಇದನ್ನು ಅವನಿಗೆ ಯಾರೂ ಬುದ್ಧಿವಾದದ ಥರ ಹೇಳಲಿಲ್ಲ. ತನ್ನದೇ ನೋಟ್‌ಬುಕ್ಕಿನ ಪಕ್ಕ ಈ ಲೆಕ್ಕ ಇಟ್ಟು ನೋಡಿ, ನಾಲ್ಕು ಟೇಬಲ್ ಎರಡಕ್ಕೆ ಇಳಿಸಿದ. ಅಪ್ಪ ಆ ಮಳೆಗಾಲಕ್ಕೆ ಮುಂಚೆ ಡ್ರಿಪ್ ಪೈಪು ಬದಲಿಸಿದ್ದರು.

ಕಾನೂನಿನ ಕತೆಯೂ ಇದೇ ಹೊತ್ತಿನಲ್ಲಿ ತಿರುಗುತ್ತಿತ್ತು. 1963ರ ಕರ್ನಾಟಕ ಪೊಲೀಸ್ ಕಾಯ್ದೆ ಜೂಜನ್ನು ತಡೆದರೂ ಕೌಶಲದ ಆಟಕ್ಕೆ ವಿನಾಯಿತಿ ಕೊಟ್ಟಿತ್ತು. ಪೋಕರನ್ನು ಕೌಶಲದ ಆಟವಾಗಿ ಆಡಿಸುವುದಾದರೆ ಲೈಸೆನ್ಸ್ ಬೇಕಿಲ್ಲ ಎಂದು 2013ರಲ್ಲಿ ಕರ್ನಾಟಕ ಹೈಕೋರ್ಟ್ ಹೇಳಿತು. 2021ರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ ಕಾಯ್ದೆಗೆ ತಿದ್ದುಪಡಿ ತಂದು ದುಡ್ಡಿನ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಅಂಶಗಳನ್ನು ರದ್ದು ಮಾಡಿತು. ನಮ್ಮ ಹುಡುಗರ ಮೊಬೈಲಿಗೆ ಜಾಹೀರಾತುಗಳು ಸುರಿದದ್ದು ಆಮೇಲೆ.

2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಮಸೂದೆ ಒಪ್ಪಿತು. ಆಗಸ್ಟ್ 20ಕ್ಕೆ ಲೋಕಸಭೆ, 21ಕ್ಕೆ ರಾಜ್ಯಸಭೆ, 22ಕ್ಕೆ ರಾಷ್ಟ್ರಪತಿಗಳ ಅಂಕಿತ. ಕೌಶಲವೋ ಅದೃಷ್ಟವೋ ಎಂಬ ಹಳೇ ವಾದವನ್ನೇ ಅದು ಪಕ್ಕಕ್ಕಿಟ್ಟಿತು. ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆಸೆಯಿಂದ ಆಡುವ ಆಟ ಯಾವುದಾದರೂ ಅದನ್ನು ಆನ್‌ಲೈನ್‌ನಲ್ಲಿ ಆಡಿಸುವಂತಿಲ್ಲ. ಆಡಿಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ಮಾಡುವವರಿಗೆ 2 ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ. ಆಡಿದವನಿಗೆ ಶಿಕ್ಷೆ ಇಲ್ಲ. ದೇಶದ ದೊಡ್ಡ ಕಂಪನಿಗಳು ಅದೇ ವಾರ ದುಡ್ಡಿನ ಆಟ ನಿಲ್ಲಿಸಿದವು. ಕಾಯ್ದೆಯನ್ನು ಪ್ರಶ್ನಿಸಿದ ಅರ್ಜಿಗಳು ಕರ್ನಾಟಕ ಸೇರಿ ಮೂರು ಹೈಕೋರ್ಟ್‌ಗಳಿಂದ ಸುಪ್ರೀಂ ಕೋರ್ಟಿಗೆ ವರ್ಗವಾದವು.

ಹುಡುಗ ಉಳಿದಿದ್ದ ದುಡ್ಡು ವಾಪಸ್ ತೆಗೆದುಕೊಂಡ. ಈಗ ಅದೇ ಲ್ಯಾಪ್‌ಟಾಪಿನಲ್ಲಿ ಗುಂಡ್ಲುಪೇಟೆಯ ಒಂದು ಸ್ಟುಡಿಯೊಗೆ ಮದುವೆ ವಿಡಿಯೊ ಕತ್ತರಿಸಿ ಕೊಡುತ್ತಾನೆ. ಅದಕ್ಕೆ ಇನ್ನೊಂದು 8 ಜಿಬಿ ಹಾಕಿಸಿಕೊಂಡ, ಈ ಸಲ ದುಡ್ಡು ಅವನ ಕೆಲಸದ್ದೇ.

ಆದರೆ ಹೊರದೇಶದ ಆ್ಯಪ್‌ಗಳ ಲಿಂಕು ಟೆಲಿಗ್ರಾಮ್, ವಾಟ್ಸ್‌ಆ್ಯಪ್‌ನಲ್ಲಿ ಈಗಲೂ ಬರುತ್ತಿವೆ. ಪ್ಲೇಸ್ಟೋರಿನಲ್ಲಿ ಇಲ್ಲದ ಫೈಲನ್ನು ಇಳಿಸಿಕೊಳ್ಳಿ, ಯಾರದ್ದೋ ಯುಪಿಐ ನಂಬರಿಗೆ ದುಡ್ಡು ಹಾಕಿ ಅನ್ನುತ್ತವೆ. ಅಲ್ಲಿ ಗೆದ್ದ ದುಡ್ಡು ಕೊಡದಿದ್ದರೆ ಯಾರನ್ನು ಕೇಳುತ್ತೀರಿ? ನಿಮ್ಮ ಬ್ಯಾಂಕ್ ಖಾತೆಯನ್ನು ಬಾಡಿಗೆಗೆ ಕೊಡಿ ಎಂದು ಕೇಳುವವರೂ ಇದ್ದಾರೆ. ಕೊಟ್ಟರೆ ಪೊಲೀಸರು ಮೊದಲು ಹುಡುಕಿಕೊಂಡು ಬರುವುದು ಖಾತೆ ಯಾರ ಹೆಸರಲ್ಲಿದೆಯೋ ಅವರನ್ನು. ಮೋಸ ಹೋಗಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ. ಬೇಗ ಮಾಡಿದಷ್ಟೂ ದುಡ್ಡು ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಇನ್ನು ಹಳೇ ಗೇಮಿಂಗ್ ಲ್ಯಾಪ್‌ಟಾಪ್ ಅಗ್ಗಕ್ಕೆ ಸಿಗುತ್ತದೆ ಎಂದು ಕೊಳ್ಳಲು ಹೊರಟವರಿಗೆ ಒಂದು ಮಾತು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಅಧಿಕೃತವಾಗಿ ಕೂರಬೇಕಾದರೆ ಇಂಟೆಲ್‌ನಲ್ಲಿ ಸಾಮಾನ್ಯವಾಗಿ ಎಂಟನೇ ತಲೆಮಾರು ಅಥವಾ ಅದರ ನಂತರದ ಪ್ರೊಸೆಸರ್ ಇರಬೇಕು. ಚಾರ್ಜರ್ ತೆಗೆದು ಅರ್ಧ ಗಂಟೆ ಓಡಿಸಿ ಬ್ಯಾಟರಿ ನೋಡಿ. ಹಿಂದಿನ ಮುಚ್ಚಳದ ಸ್ಕ್ರೂಗಳು ಸವೆದಿವೆಯಾ ನೋಡಿ, ಎಷ್ಟು ಸಲ ಬಿಚ್ಚಿದ್ದಾರೆ ಎಂದು ಗೊತ್ತಾಗುತ್ತದೆ. ಟಾಸ್ಕ್ ಮ್ಯಾನೇಜರ್ ತೆರೆಯಿರಿ, ನಿಮ್ಮ ಕೆಲಸವನ್ನೇ ಮಾಡಿ ನೋಡಿ. ಈಗಿರುವ ಲ್ಯಾಪ್‌ಟಾಪ್ ನಿಧಾನ ಅನ್ನಿಸಿದರೆ, ಅದು ನಿಂತ ಹೊತ್ತಿನಲ್ಲಿ ಆ ಪರದೆಯ ಫೋಟೊ ತೆಗೆದು ನಮಗೆ ಕಳಿಸಿ. ಅಂಗಡಿಗೆ ಹೋಗುವ ಮುಂಚೆ ಒಟ್ಟಿಗೆ ಕೂತು ನೋಡೋಣ.